ನೀರವಂಜಿಯೂ ಬಾವಿಯ ನೀರೂ

ನಮ್ಮ ವಿದ್ಯಾರ್ಥಿಗಳು ಆಟದ ಬಯಲಿಗೆ ಹಿಡಿದೊಯ್ಯುವ ಕಾಶ್ಮೀರದ ಬ್ಯಾಟು ವಿಲೋ ಎಂಬ ಮರದ್ದೆಂಬುದು ಅನೇಕರಿಗೆ ವಿದಿತವೇ ಇದೆ. ಅದೇ ಕುಲದ ವೃಕ್ಷವೊಂದು ನಮ್ಮ ನಾಡಿನ ಹೊಳೆದಂಡೆಗಳಲ್ಲಿಯೂ ಬೆಳೆಯುತ್ತದೆ. ಕನ್ನಡದಲ್ಲಿ ಅದಕ್ಕೆ ನೀರವಂಜಿಯೆಂದು ಹೆಸರು. ಸಂಸ್ಕೃತದಲ್ಲಿ ಜಲವೇತಸ, ವಂಜುಲ ಎನ್ನುವುದುಂಟು. ಆದರೆ ಅಮರಕೋಶದಲ್ಲಿ ವಂಜುಲ ಶಬ್ದವು ಅಶೋಕಕ್ಕೂ ಸಲ್ಲುತ್ತದೆ. ವೇತಸವೆಂದರೆ ಬೆತ್ತವೆಂದೂ ಅರ್ಥವಿದೆ. ಆದುದರಿಂದ ಸಸಿಯನ್ನು ನಿಘಂಟಿನ ಬಲದಿಂದ ಕೊಳ್ಳಲಾಗದು, ಕಣ್ಣಾರೆ ಕಂಡೇ ಕೊಳ್ಳಬೇಕು.

ಈ ಮರದ ಪ್ರಸ್ತಾಪಕ್ಕೆ ಕಾರಣ ನಮ್ಮ ಬಾವಿಗಳು. ಯಾದಗಿರಿ, ಶಹಾಪುರ, ಸುರಪುರಗಳ ನೆಲದಡಿ ಇರುವುದು ಬಹುಮಟ್ಟಿಗೆ ಬಿರುಕುಬಿಟ್ಟ ಕಲ್ಲು. ಚರಂಡಿಯ ನೀರು, ಶೌಚಗುಂಡಿಯ ಒಸರು, ನಾರಾಯಣಪುರ ಎಡದಂಡೆ ಕಾಲುವೆಯ ಗದ್ದೆಗಳಿಗೆ ಸುರಿದ ಯೂರಿಯಾದ ಶೇಷ ಇವುಗಳಲ್ಲಿನ ಸಾರಜನಕವು ಮಣ್ಣಿನಲ್ಲಿ ನೈಟ್ರೇಟಾಗಿ ಮಾರ್ಪಟ್ಟು ಆ ಬಿರುಕುಗಳಿಂದ ಕೆಳಗಿಳಿಯುತ್ತದೆ. ಲೀಟರಿಗೆ 45 ಮಿಲಿಗ್ರಾಮು ಮೀರಿದರೆ ಆ ನೀರು ಕುಡಿಯಲು ಯೋಗ್ಯವಲ್ಲವೆಂದು ಭಾರತೀಯ ಮಾನಕವು ವಿಧಿಸಿದೆ. ಅಂಥ ನೀರಿನಲ್ಲಿ ಕಲಸಿದ ಹಾಲುಪುಡಿಯನ್ನು ಕುಡಿದ ಎಳೆಗೂಸಿನ ರಕ್ತವು ಪ್ರಾಣವಾಯುವನ್ನು ಹೊರಲಾರದೆ ಮೈ ನೀಲಿಗಟ್ಟುವುದುಂಟು. ಕುದಿಸಿದರೆ ದೋಷ ಹೋಗದು. ನೀರು ಇಂಗಿದಷ್ಟೂ ಏರುತ್ತದೆ.

ಸ್ವೀಡನ್ನಿನ ಎಂಕೋಪಿಂಗ್ ಪಟ್ಟಣದವರು ಸುಮಾರು 75 ಹೆಕ್ಟೇರು ವಿಲೋ ತೋಪನ್ನು ಬೆಳೆಸಿ, ಶುದ್ಧೀಕರಣ ಘಟಕದ ಸಾರಜನಕಭರಿತ ನೀರನ್ನು ಬೇಸಿಗೆಯಲ್ಲಿ ಅದಕ್ಕೆ ಹಾಯಿಸಿದರು. ಕೆಲವು ವರ್ಷಕ್ಕೊಮ್ಮೆ ಮರಗಳನ್ನು ಕೊಯ್ದು ಪಟ್ಟಣದ ಮನೆಗಳನ್ನು ಬೆಚ್ಚಗಿಡಲು ಉರಿಸಿದರು. ಬೇರು ನೈಟ್ರೇಟನ್ನು ಹೀರುತ್ತದೆ. ಬೇರಿನ ಸುತ್ತಲಿನ ತೊಯ್ದ ಮಣ್ಣಿನ ಸೂಕ್ಷ್ಮಜೀವಿಗಳು ಒಂದಂಶವನ್ನು ಅನಿಲವಾಗಿ ಗಾಳಿಗೆ ಸೇರಿಸುತ್ತವೆ. ಕೊಯ್ಯದೆ ಬಿಟ್ಟರೆ ಹೀರಿದುದು ಉದುರೆಲೆಯಾಗಿ ಬಹುಪಾಲು ಮರಳಿ ನೆಲಕ್ಕೇ ಬೀಳುತ್ತದೆ. ಮರ ನೆಡಲು ಉತ್ಸಾಹಿಗಳು ಹಲವರು, ಕೊಯ್ಯಲು ಸಿದ್ಧರಾದವರು ವಿರಳ!

ಆದ್ದರಿಂದ ಆಯ್ಕೆಯಲ್ಲಿ ನೋಡಬೇಕಾದುದು ನೆರಳನ್ನಲ್ಲ. ನೆಟ್ಟ ಟೊಂಗೆ ಬೇಗ ಬೇರೂರಬೇಕು, ಕಡಿದ ಬುಡ ಮತ್ತೆ ಚಿಗುರಬೇಕು, ನಿಂತ ನೀರಿಗೆ ಬೇರು ಕೊಳೆಯಬಾರದು, ವರ್ಷದ ಬಹುಕಾಲ ಹಸಿರೆಲೆ ಇರಬೇಕು. ಒಂದೇ ತಾಯಿಮರದ ಟೊಂಗೆಗಳಿಂದ ತೋಪು ತುಂಬಿದರೆ ಒಂದೇ ರೋಗಕ್ಕೆ ಎಲ್ಲವೂ ಹೋಗುವ ಭಯವಿರುವುದರಿಂದ ಹಲವು ಮರಗಳಿಂದ ಆಯುವುದು ಲೇಸು. ನೀರವಂಜಿಯಲ್ಲಿ ಗಂಡು ಹೆಣ್ಣುಗಳು ಬೇರೆ ಬೇರೆ ಮರಗಳು. ಗಂಡುಮರದ ಟೊಂಗೆಗಳನ್ನೇ ತಂದರೆ ಅರಳೆಯಂತೆ ಹಾರುವ ಬೀಜದ ಕಾಟವಿಲ್ಲ. ಹೊಂಗೆ, ಬಳ್ಳಾರಿ ಜಾಲಿಗಳು ನಮ್ಮ ಬಿಸಿಲಿಗೆ ಒಗ್ಗಿದವಾದರೂ ಗಾಳಿಯ ಸಾರಜನಕವನ್ನೇ ಹಿಡಿಯಬಲ್ಲ ಗಂಟುಬೇರಿನವು. ಈ ಕಾರ್ಯಕ್ಕೆ ಅವು ಮೊದಲ ಆಯ್ಕೆಯಲ್ಲ. ನೀರವಂಜಿಗಾದರೋ ಬರ ಸೇರದು. ಬೇಸಿಗೆಯ ರಜೆಯಲ್ಲಿ ಬಚ್ಚಲು ಒಣಗುವ ಕಡೆ ಅದರ ಬದಲು ನೇಪಿಯರ್ ಹುಲ್ಲನ್ನು ಬೆಳೆದು ಆಗಾಗ ಕೊಯ್ಯುವುದೇ ಮೇಲು.

ಒಬ್ಬ ಮನುಷ್ಯನಿಂದ ವರ್ಷಕ್ಕೆ ಹೊರಬೀಳುವ ಸಾರಜನಕ ಸ್ಥೂಲವಾಗಿ 3 ಕಿಲೋ, ಅದರಲ್ಲಿ ಬಹುಪಾಲು ಮೂತ್ರದಲ್ಲಿ. 100 ಮಕ್ಕಳ ಪ್ರಸಾದ ನಿಲಯವೆಂದರೆ 300 ಕಿಲೋ ಆಯಿತು. ಬಚ್ಚಲ ಹಿಂದೆ ನಾಲ್ಕು ಸಸಿ ನೆಟ್ಟು ದಾನಿಗಳ ಹೆಸರಿನ ಫಲಕ ನಿಲ್ಲಿಸಿದ ಮಾತ್ರಕ್ಕೆ ಈ ಲೆಕ್ಕ ತೀರದು. ಬಾವಿಗಿಂತ ತಗ್ಗಿನಲ್ಲಿ, ಅದರಿಂದ ದೂರದಲ್ಲಿ, ಎಕರೆಗಟ್ಟಲೆ ತೋಪು ಬೇಕಾಗುತ್ತದೆ. ಅದಕ್ಕೂ ಮುಂಚೆ ಬಾವಿಯ ನೀರನ್ನು ಮಳೆಗಾಲದ ಹಿಂದೊಮ್ಮೆ ಮುಂದೊಮ್ಮೆ ಪರೀಕ್ಷೆಗೆ ಕಳುಹಿಸಿ ನೈಟ್ರೇಟಿನ ಅಂಕಿಯನ್ನು ಬರೆದಿಡತಕ್ಕದ್ದು.