ಹಡಗಿನಿಂದ ಇಳಿದು ಬಂದ ಪದಗಳು: ವ್ಯುತ್ಪತ್ತಿಯ ತರಗತಿ ಬಳಕೆ

ಇಂಗ್ಲಿಷ್ ಪಾಠಾಭ್ಯಾಸದಲ್ಲಿ ಹೊಸ ಪದ ಎದುರಾದಾಗ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಅದರ ಕನ್ನಡ ಅರ್ಥವನ್ನು ಕಪ್ಪುಹಲಗೆಯ ಮೇಲೆ ಬರೆದು ಮುಂದೆ ಸಾಗುತ್ತಾರೆ. ಪದದ ಮೂಲವನ್ನೂ ಒಂದೆರಡು ವಾಕ್ಯಗಳಲ್ಲಿ ತಿಳಿಸಿದರೆ ಅರ್ಥಕ್ಕೆ ಒಂದು ಚಿತ್ರ ಸಿಗುತ್ತದೆ. ಇದಕ್ಕೆ ಇಂಗ್ಲಿಷ್ ಮತ್ತು ಫ್ರೆಂಚ್ ಭಾಷೆಗಳ ನೌಕಾಪದಗಳು ಒಳ್ಳೆಯ ಸಾಮಗ್ರಿ.

ಅರ್ಥ ವಿಸ್ತಾರ: 'ಅರೈವ್' ಪದ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು. ಅದರ ಬೇರು ಲ್ಯಾಟಿನ್ನಿನ 'ರೀಪಾ', ಎಂದರೆ ದಡ. ದಡ ಸೇರುವುದನ್ನು ಹೇಳುತ್ತಿದ್ದ ಪದ ಇಂದು ರೈಲಿಗೂ ಅಂಚೆಗೂ ಸಲ್ಲುತ್ತದೆ. 'ಗವರ್ನ್' ಪದದ ಹಿಂದಿರುವ ಲ್ಯಾಟಿನ್ ಕ್ರಿಯಾಪದಕ್ಕೆ ಹಡಗು ನಡೆಸು ಎಂಬ ಅರ್ಥವಿತ್ತು. ಫ್ರೆಂಚಿನಲ್ಲಿ ಚುಕ್ಕಾಣಿಗೆ ಈಗಲೂ 'ಗುವೆರ್ನಾಯ್' ಎನ್ನುತ್ತಾರೆ. 'ಆಡಳಿತದ ಚುಕ್ಕಾಣಿ ಹಿಡಿದರು' ಎಂಬ ಕನ್ನಡದ ಮಾತಿನಿಂದಲೇ ಈ ಪದದ ಪಾಠವನ್ನು ಆರಂಭಿಸಬಹುದು. ಫ್ರೆಂಚಿನ 'ದೆಮಾರೆ' ಹಡಗಿನ ಹಗ್ಗ ಬಿಚ್ಚುವುದಾಗಿತ್ತು, ಈಗ ಕಾರು ಚಾಲೂ ಮಾಡುವುದು. ಹಡಗು ನೆಲಕಚ್ಚಿ ನಿಲ್ಲುವುದನ್ನು ಹೇಳುವ 'ಎಶ್ವೆ' ಪರೀಕ್ಷೆಯಲ್ಲಿ ನಪಾಸಾಗುವುದಕ್ಕೂ ಬಳಕೆಯಲ್ಲಿದೆ.

ಧ್ವನಿಯ ಪಾಠ: ಹಡಗಿನ ಬಲಬದಿಯಾದ 'ಸ್ಟಾರ್‌ಬೋರ್ಡ್'ಗೂ ನಕ್ಷತ್ರಕ್ಕೂ ಸಂಬಂಧವಿಲ್ಲ. ದಿಕ್ಕು ತಿರುಗಿಸುವ ಹುಟ್ಟು ಆ ಬದಿಯಲ್ಲಿತ್ತು. 'ಸ್ಟಿಯರ್' ಎಂಬುದರ ಹಳೆಯ ರೂಪವೇ ಇಲ್ಲಿರುವುದು. ಎಡಬದಿಗೆ 'ಲಾರ್ಬೋರ್ಡ್' ಎನ್ನುತ್ತಿದ್ದರು. ಕೂಗಿ ಹೇಳುವಾಗ ಎರಡೂ ಒಂದೇ ತೆರನಾಗಿ ಕೇಳಿಸುತ್ತಿದ್ದುದರಿಂದ ಬ್ರಿಟಿಷ್ ನೌಕಾಪಡೆ 1844ರಲ್ಲಿ ಎಡಬದಿಗೆ 'ಪೋರ್ಟ್' ಎಂಬ ಪದವನ್ನೇ ಬಳಸಲು ಆದೇಶಿಸಿತು. 'ಈ ಗೊಂದಲದಿಂದ ಏನಾಗಬಹುದಿತ್ತು?' ಎಂದು ಮಕ್ಕಳನ್ನೇ ಕೇಳಿ. ಸ್ಪಷ್ಟ ಉಚ್ಚಾರಣೆ ಏಕೆ ಬೇಕೆಂಬುದು ಅವರ ಉತ್ತರದಲ್ಲೇ ಬರುತ್ತದೆ.

ಎಚ್ಚರಿಕೆ: ಸೊಗಸಾದ ಕಥೆಗಳೆಲ್ಲ ನಿಜವಲ್ಲ. 'ಪಾಷ್' ಪದ ಭಾರತಕ್ಕೆ ಬರುತ್ತಿದ್ದ ಹಡಗುಗಳ ನೆರಳಿನ ಕೋಣೆಗಳಿಂದ ಹುಟ್ಟಿತು, 'ಹೋಗುವಾಗ ಎಡ, ಮರಳುವಾಗ ಬಲ' ಎಂಬುದರ ಇಂಗ್ಲಿಷ್ ಮೊದಲಕ್ಷರಗಳೇ ಅದು ಎಂಬ ವಿವರಣೆ ಜನಪ್ರಿಯ. ಆದರೆ ಅದಕ್ಕೆ ಆಧಾರ ಸಿಕ್ಕಿಲ್ಲ. ಶಿಕ್ಷಕರು ಹೇಳಿದ ತಪ್ಪು ಕಥೆಯನ್ನು ಮಕ್ಕಳು ಪ್ರಶ್ನಿಸುವುದಿಲ್ಲ. ಅದು ವರ್ಷಗಟ್ಟಲೆ ಉಳಿಯುತ್ತದೆ. ಆದ್ದರಿಂದ ಪಾಠಯೋಜನೆಯಲ್ಲಿ ವ್ಯುತ್ಪತ್ತಿಯನ್ನು ಸೇರಿಸುವ ಮೊದಲು ಒಳ್ಳೆಯ ನಿಘಂಟನ್ನು ನೋಡುವುದು ಕಡ್ಡಾಯವಾಗಲಿ.

ತರಗತಿಯ ಕ್ರಮ: ಮೊದಲು ಇಂದಿನ ಅರ್ಥವನ್ನು ವಾಕ್ಯದಲ್ಲಿ ತೋರಿಸಿ, ಆಮೇಲೆ ಮೂಲ ಹೇಳಿ, ಕೊನೆಗೆ ಮಕ್ಕಳಿಂದ ಹೊಸ ವಾಕ್ಯ ಮಾಡಿಸಿ. ಒಂದು ಪಾಠಕ್ಕೆ ಒಂದೇ ಪದ, ಎರಡೇ ನಿಮಿಷ ಸಾಕು. ಮೂಲಾರ್ಥ ನೆನಪಿಗೆ ಆಸರೆ ಮಾತ್ರ. ಮೌಲ್ಯಮಾಪನ ಇಂದಿನ ಬಳಕೆಯನ್ನೇ ಅಳೆಯಬೇಕು.