ಗಡಿಯಾರದ ಮುಳ್ಳು, ಹೃದಯದ ಲಯ

ಅಮೆರಿಕದಲ್ಲಿ ಮಕ್ಕಳಿರುವ ನಮ್ಮ ಹಿರಿಯರಿಗೆ ಪ್ರತಿ ಮಾರ್ಚ್‌ನಲ್ಲಿ ಅಲ್ಲಿನ ಗಡಿಯಾರ ಒಂದು ಗಂಟೆ ಮುಂದಕ್ಕೆ ಸರಿಯುವುದು ತಿಳಿದದ್ದೇ. ಆ ರಾತ್ರಿ ಕಳೆದುಹೋಗುವ ನಿದ್ರೆಗೆ ಹೃದಯ ಬೆಲೆ ತೆರುವುದೆ? 1987ರಿಂದ 2006ರವರೆಗಿನ ದಾಖಲೆ ಪರಿಶೀಲಿಸಿದ ಸ್ವೀಡನ್ನಿನ ಸಂಶೋಧಕರು, ಬದಲಾವಣೆಯ ಮೊದಲ ವಾರ ಹೃದಯಾಘಾತಗಳು ಸುಮಾರು ಶೇ 5ರಷ್ಟು ಹೆಚ್ಚಿದ್ದನ್ನು 2008ರಲ್ಲಿ ಪ್ರಕಟಿಸಿದರು. ಮಿಷಿಗನ್ ರಾಜ್ಯದ 2014ರ ಅಧ್ಯಯನ ಇನ್ನೂ ಕುತೂಹಲಕರ: ಸೋಮವಾರ ಶೇ 24ರಷ್ಟು ಏರಿಕೆ, ವಾರದ ಒಟ್ಟು ಸಂಖ್ಯೆಯಲ್ಲಿ ಮಾತ್ರ ವ್ಯತ್ಯಾಸವಿಲ್ಲ. ಮುಂದಿನ ತಿಂಗಳ ವೆಚ್ಚವನ್ನು ಈ ತಿಂಗಳ ಲೆಕ್ಕಕ್ಕೆ ಎಳೆದಂತೆ, ದುರ್ಬಲ ಹೃದಯಗಳ ಗಂಡಾಂತರ ಒಂದೆರಡು ದಿನ ಮೊದಲೇ ಬಂದಿರಬೇಕು. 2025ರ ದೊಡ್ಡ ಅಧ್ಯಯನವೊಂದರಲ್ಲಂತೂ ಗಮನಾರ್ಹ ಏರಿಕೆಯೇ ಕಾಣಲಿಲ್ಲ. ಭೀತಿ ಅನಗತ್ಯ, ನಿಜ. ಆದರೆ ವರ್ಷಕ್ಕೆರಡು ಬಾರಿ ಪ್ರಜೆಗಳ ನಿದ್ರೆ ಕದಡುವ ಸರ್ಕಾರಗಳು ಪ್ರತಿಯಾಗಿ ಯಾವ ಲಾಭ ತೋರಿಸಬಲ್ಲವು? ಐರೋಪ್ಯ ಸಂಸತ್ತು 2019ರಲ್ಲೇ ಪದ್ಧತಿಯ ರದ್ದತಿಗೆ ಮತ ನೀಡಿತು. ಸದಸ್ಯ ರಾಷ್ಟ್ರಗಳ ಒಮ್ಮತವಿಲ್ಲದೆ ಕಡತ ಇನ್ನೂ ಅಲ್ಲೇ ಕುಳಿತಿದೆ.