ಮಂಗಳೂರಿನ ಕಾವಲಿಯಲ್ಲಿ ಜರ್ಮನ್ ಬಟಾಟೆ ದೋಸೆ

ಬಾಸೆಲ್ ಮಿಶನ್‌ನ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ ಎಂಬ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದಂದಿನಿಂದ ಈ ಊರಿಗೂ ಜರ್ಮನ್ ನಾಡಿಗೂ ಗಾಢವಾದ ನಂಟು ಬೆಳೆದಿದ್ದು, 1843ರ ‘ಮಂಗಳೂರ ಸಮಾಚಾರ’, 1865ರ ಹಂಚಿನ ಕಾರ್ಖಾನೆ, 1894ರಲ್ಲಿ ಇಲ್ಲಿಯೇ ಅಚ್ಚಾದ ಕಿಟ್ಟೆಲ್ ನಿಘಂಟು ಇವೆಲ್ಲವೂ ಆ ನಂಟಿನ ಫಲಗಳಾಗಿವೆ. ಆದರೆ ಆ ಪಾದ್ರಿಗಳ ತಾಯ್ನಾಡಿನ ಮನೆಯಡುಗೆಯ ಪರಿಚಯ ಇಲ್ಲಿನ ಹೆಚ್ಚಿನವರಿಗೆ ಇಲ್ಲ. ಅದರಲ್ಲಿ ಮಂಗಳೂರಿನ ಅಡುಗೆಮನೆಗೆ ಅತ್ಯಂತ ಸುಲಭವಾಗಿ ಒಗ್ಗುವ ತಿನಿಸೆಂದರೆ ಹಸಿ ಬಟಾಟೆಯನ್ನು ತುರಿದು ಎಣ್ಣೆಯಲ್ಲಿ ಕಾಯಿಸುವ ತೆಳು ದೋಸೆ. ಇದನ್ನು ಜರ್ಮನಿಯ ಹಲವೆಡೆ ಕಾರ್ಟೋಫೆಲ್‌ಪುಫರ್ ಎಂದೂ, ಕೊಲೋನ್ ನಗರದ ಸುತ್ತಮುತ್ತ ರೈಬೆಕೂಖೆನ್ ಎಂದೂ, ಬವೇರಿಯದಲ್ಲಿ ರೈಬರ್‌ಡಾಚಿ ಎಂದೂ ಕರೆಯುತ್ತಾರೆ.

ಮಂಗಳೂರಿನ ಬಟಾಟೆ ಪೋಡಿಯಲ್ಲಿ ಹೋಳುಗಳಿಗೆ ಹಿಟ್ಟಿನ ಹೊದಿಕೆ ಇರುತ್ತದೆ; ಇಲ್ಲಿ ಅಂತಹ ಹೊದಿಕೆ ಇಲ್ಲದೆ, ಬಟಾಟೆಯೊಳಗಿನ ಪಿಷ್ಟವೇ, ಎಂದರೆ ಅದರ ಗಂಜಿಯ ಅಂಶವೇ, ತುರಿಯ ಎಳೆಗಳನ್ನು ಬಹುಮಟ್ಟಿಗೆ ಹಿಡಿದಿಡುತ್ತದೆ. ಬಟಾಟೆಯ ತೂಕದಲ್ಲಿ ಸುಮಾರು ಮುಕ್ಕಾಲು ಭಾಗಕ್ಕೂ ಹೆಚ್ಚು ನೀರೇ ಇರುವುದರಿಂದ ಈ ಅಡುಗೆಯ ಸೋಲುಗೆಲುವು ನೀರನ್ನು ಹೊರಹಾಕುವುದರ ಮೇಲೆಯೇ ನಿಂತಿದೆ. ತುರಿಯನ್ನು ತೆಳುವಾದ ಹತ್ತಿ ಬಟ್ಟೆಯಲ್ಲಿ ಕಟ್ಟಿ ಬಲವಾಗಿ ಹಿಂಡಿ, ಬಸಿದ ನೀರನ್ನು ಹತ್ತು ನಿಮಿಷ ಅಲುಗಾಡಿಸದೆ ಇಟ್ಟರೆ ಪಾತ್ರೆಯ ತಳದಲ್ಲಿ ಬಿಳಿಯ ಗಟ್ಟಿ ಪಿಷ್ಟ ತಂಗುತ್ತದೆ; ಮೇಲಿನ ಕೆಂಪು ನೀರನ್ನು ಚೆಲ್ಲಿ ಆ ಪಿಷ್ಟವನ್ನು ಮರಳಿ ತುರಿಗೆ ಬೆರೆಸಬೇಕು. ಅವಸರದಲ್ಲಿ ಅನೇಕರು ಬಿಟ್ಟುಬಿಡುವ ಹಂತವಿದು, ಆದರೆ ಅಂಚು ಗರಿಗರಿಯಾಗುವುದೂ ನಡು ಒಡೆಯದಿರುವುದೂ ಮುಖ್ಯವಾಗಿ ಇದರಿಂದಲೇ. ಹೊಸದಾಗಿ ಅಗೆದ ಎಳೆ ಬಟಾಟೆಯಲ್ಲಿ ಪಿಷ್ಟ ಕಡಿಮೆ. ಫ್ರಿಜ್‌ನಲ್ಲಿ ಬಹುದಿನ ಇಟ್ಟದ್ದರಲ್ಲಿ ಪಿಷ್ಟ ಸಕ್ಕರೆಯಾಗಿ ಮಾರ್ಪಡುವುದರಿಂದ ದೋಸೆ ಬೇಯುವ ಮೊದಲೇ ಕಪ್ಪಾಗುತ್ತದೆ. ಆದ್ದರಿಂದ ಹೊರಗೆ ತಂಪಾದ ಕತ್ತಲೆಯಲ್ಲಿಟ್ಟ ಬಲಿತ ಗಡ್ಡೆಗಳನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಒಂದು ಕಿಲೋ ಬಟಾಟೆಗೆ ಒಂದು ನೀರುಳ್ಳಿಯನ್ನೂ ತುರಿದು, 2 ಮೊಟ್ಟೆ, 2–3 ದೊಡ್ಡ ಚಮಚ ಮೈದಾ ಮತ್ತು ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿಯೂ ಬೆಳೆಯುವ ಜಾಯಿಕಾಯಿಯ ಚಿಟಿಕೆ ಪುಡಿಯನ್ನು ಸೇರಿಸುತ್ತಾರೆ. ಮೊಟ್ಟೆ ಬಳಸದ ಮನೆಗಳಲ್ಲಿ ಅಕ್ಕಿ ಹಿಟ್ಟನ್ನೂ ತುಸು ಹಾಕಿಕೊಂಡರೆ ಹಿಡಿತ ದೊರೆಯುತ್ತದೆ, ಗರಿಯೂ ಹೆಚ್ಚುತ್ತದೆ. ಉಪ್ಪು ನೀರನ್ನು ಹೊರಗೆಳೆಯುವುದರಿಂದ ಅದನ್ನು ಕಾಯಿಸುವ ಕ್ಷಣದಲ್ಲಿ ಮಾತ್ರ ಬೆರೆಸಬೇಕು. ಗಾಳಿ ತಗುಲಿದ ತುರಿ ಬಣ್ಣಗೆಡುವುದರಿಂದ ಈ ಮಿಶ್ರಣ ದೋಸೆ ಹಿಟ್ಟಿನಂತೆ ರಾತ್ರಿಯಿಡೀ ಕಾಯುವಂಥದ್ದಲ್ಲ.

ದಪ್ಪ ತಳದ ಕಬ್ಬಿಣದ ಕಾವಲಿಯಲ್ಲಿ ತಳ ಮುಳುಗುವಷ್ಟು ಎಣ್ಣೆ ಕಾಯಿಸಿ, ತುರಿಯ ಒಂದೆಳೆ ಹಾಕಿದೊಡನೆ ಚುರುಗುಟ್ಟುವಾಗ ಮಿಶ್ರಣವನ್ನು ಚಮಚದಿಂದ ಬಿಟ್ಟು, ಅಂಗೈ ಅಗಲಕ್ಕೆ ತೆಳುವಾಗಿ ಒತ್ತಬೇಕು. ಅಂಚು ಹೊಂಬಣ್ಣಕ್ಕೆ ತಿರುಗುವ ಮೊದಲೇ ಸಟ್ಟುಗ ಹಾಕಿದರೆ ದೋಸೆ ಹರಿಯುತ್ತದೆ; ಮಧ್ಯಮ ಉರಿಯಲ್ಲಿ ಪ್ರತಿ ಬದಿಗೆ 3–4 ನಿಮಿಷ ಕೊಟ್ಟರೆ ಒಳಗಿನ ಹಸಿ ವಾಸನೆ ಹೋಗುತ್ತದೆ. ಜರ್ಮನಿಯಲ್ಲಿ ಬೆಣ್ಣೆ ಕಾಯಿಸಿ ತೆಗೆದ ತುಪ್ಪವನ್ನೂ ಬಳಸುವುದುಂಟಾದ್ದರಿಂದ ಎಣ್ಣೆಗೆ ಒಂದು ಚಮಚ ತುಪ್ಪ ಸೇರಿಸುವುದು ಮೂಲ ರುಚಿಗೆ ಹತ್ತಿರವೇ ಆಗುತ್ತದೆ. ತೆಂಗಿನೆಣ್ಣೆಯ ಪರಿಮಳ ಮಾತ್ರ ಜಾಯಿಕಾಯಿಯನ್ನು ಮುಚ್ಚಿಬಿಡುತ್ತದೆ.

ಇದರೊಂದಿಗೆ ಜರ್ಮನರು ಸಿಪ್ಪೆ ತೆಗೆದ ಸೇಬನ್ನು ಸ್ವಲ್ಪ ನೀರು, ಸಕ್ಕರೆ ಮತ್ತು ನಿಂಬೆರಸದಲ್ಲಿ ಬೇಯಿಸಿ ಮಸೆದ ಗೊಜ್ಜನ್ನು ಬಡಿಸುತ್ತಾರೆ. ಕರಿದ ತಿನಿಸಿಗೆ ಸಿಹಿಹುಳಿ ಹಣ್ಣಿನ ಜೊತೆ ಕರಾವಳಿಗೆ ಹೊಸದಲ್ಲವಾದ್ದರಿಂದ ಅನಾನಸಿನ ಮೆಣಸ್ಕಾಯಿಯೂ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಮಂಗಳೂರಿನ ತೇವದ ಗಾಳಿಯಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಗರಿ ಬೇಗನೆ ಮೆತ್ತಗಾಗುವುದರಿಂದ ದೋಸೆಗಳನ್ನು ಒಂದರ ಮೇಲೊಂದು ಪೇರಿಸದೆ, ಜಾಲರಿಯ ಮೇಲೆ ಬಿಡಿಬಿಡಿಯಾಗಿ ಇಟ್ಟು, ಕಾವಲಿಯಿಂದ ತೆಗೆದೊಡನೆ ಬಡಿಸುವುದು ಅಗತ್ಯ.